ಬಿಡುವ ಅಂಟು

ಕುದಿಯುವ ನೀರನ್ನು ಅವಳು ವಾಕರಿನ ಬಲಗಡೆಯ ಹಿಡಿಕೆಯ ಮೇಲೆ ನಿಧಾನವಾಗಿ ಸುರಿದಳು. ಕೆಟಲನ್ನು ಕೆಳಗಿಟ್ಟು, ಹಳೆಯ ಟವೆಲಿನಿಂದ ಹಿಡಿಕೆಯನ್ನು ಒರೆಸಿ, ಎರಡೂ ಕೈಯಿಂದ ಅದನ್ನು ಹಿಡಿದು ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ನಿಂತಳು. ಏನೂ ಆಗಲಿಲ್ಲ. ಮತ್ತೆ ಕೆಟಲಿಗೆ ನೀರು ತುಂಬಿದಳು.

"ಬಿಸಿನೀರಿನ ತೊಟ್ಟಿ ಅಲ್ಲೇ ಇದೆಯಲ್ಲ ತಾಯಿ," ಎಂದ ಅಂಟಣ್ಣ, ತನ್ನ ಮೇಜಿನಿಂದ ತಲೆಯೆತ್ತದೆ. ಈ ಕಾರ್ಯಾಗಾರದಲ್ಲಿ ಅಂಟು ತಯಾರಿಸುವವನು ಅವನೇ ಆದ್ದರಿಂದ ಎಲ್ಲರಿಗೂ ಅಂಟಣ್ಣ. "ಅದರಲ್ಲಿ ಮುಳುಗಿಸಿಟ್ಟು ಊಟ ಮಾಡಿ ಬಂದರೆ ತಾನಾಗೇ ಬಿಟ್ಕೊಳ್ಳುತ್ತೆ. ಇದೇನಿದು, ಕೂಸಿಗೆ ಸ್ನಾನ ಮಾಡಿಸೋ ಹಾಗೆ?"

"ಮುಳುಗಿಸಿದರೆ ಬಿಡುತ್ತೆ ಅಂತ ಗೊತ್ತು. ಸುರಿದರೆ?"

"ಸುರಿದರೆ ಏನೂ ಆಗಲ್ಲ. ಅದು ನನ್ನ ಅಂಟು. ನನ್ನ ಹೆಂಡತಿಗಿಂತ ಹಟಮಾರಿ."

"ಒಂದು ಸಲ ಸುರಿದರೆ ಏನೂ ಆಗಲ್ಲ."

ಅವಳ ದನಿಯಲ್ಲಿ ಏನೋ ಇತ್ತು. ಅಂಟಣ್ಣ ಈಗ ತಲೆಯೆತ್ತಿದ. ಅವಳು ಸುರಿದಳು, ಒರೆಸಿದಳು, ಭಾರ ಬಿಟ್ಟಳು. ಮತ್ತೆ ಸುರಿದಳು. ನೆಲದ ಮೇಲೆ ನೀರು ಹರಡಿ ಅವಳ ಚಪ್ಪಲಿ ಒದ್ದೆಯಾಗಿತ್ತು. ಹೀಗೆ ಸುರಿಯುತ್ತಿರುವುದು ಇವತ್ತು ಶುರುವಾದದ್ದಲ್ಲ. ಅಪ್ಪನ ಆಪರೇಷನ್ ಮುಗಿದು ಅವನು ಮನೆಗೆ ಬಂದ ಮರುದಿನದಿಂದ, ಉಳಿದ ಕೆಲಸದ ನಡುವೆ ಸಿಕ್ಕ ಪುರುಸೊತ್ತಿನಲ್ಲೆಲ್ಲ, ಬಳಸದೆ ಇಟ್ಟಿದ್ದ ಈ ಹೊಸ ವಾಕರಿಗೆ ಅವಳು ನೀರು ಹೊಯ್ಯುತ್ತಲೇ ಇದ್ದಳು. ಹೊಸದೇನೋ ಪರೀಕ್ಷೆ ಇರಬೇಕೆಂದುಕೊಂಡು ಯಾರೂ ಕೇಳಿರಲಿಲ್ಲ.

ಅವಳ ಅಂಗೈಯ ಕೆಳಗೆ ಹಿಡಿಕೆ ಒಂದಿಷ್ಟು ತಿರುಗಿತು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ಹಾಗೆ, ಅಷ್ಟೇ. ಆಮೇಲೆ ಪೂರ್ತಿ ಜಾರಿ ಕೈಗೆ ಬಂತು. ಅವಳು ಮುಗ್ಗರಿಸಿ ಮೇಜಿನ ಅಂಚಿಗೆ ಮೊಣಕೈ ಹೊಡೆದುಕೊಂಡಳು.

ಅಂಟಣ್ಣ ಎದ್ದು ಬಂದು ಹಿಡಿಕೆಯನ್ನು ಇಸಿದುಕೊಂಡ. ಕನ್ನಡಕ ತೆಗೆದು ಅದರ ಒಳಮೈಯನ್ನು ಕಣ್ಣಿನ ಹತ್ತಿರ ಹಿಡಿದ. ಎಳೆದು ಕಿತ್ತ ಅಂಟು ಹರಿದ ಬಟ್ಟೆಯ ಹಾಗೆ ಎಳೆ ಎಳೆಯಾಗಿ ಕಾಣುತ್ತದೆ. ಬಿಟ್ಟುಕೊಂಡ ಅಂಟು ಹಾಗಲ್ಲ. ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗಿರುತ್ತದೆ. ಈ ಹಿಡಿಕೆಯ ಒಳಗೆ ಒಂದು ಗೀರೂ ಇರಲಿಲ್ಲ.

"ಅಪ್ಪನ ವಾಕರಿನಲ್ಲೂ ಹೀಗೇ ಇತ್ತು," ಎಂದಳು ಅವಳು.

"ನಿಮ್ಮಪ್ಪ ಕಾಲು ಜಾರಿ ಬಿದ್ದರು ಅಂದಿದ್ದೆ."

"ಅಪ್ಪ ಹಾಗೆ ಹೇಳಿದ."

ಅಪ್ಪ ಎಲ್ಲರಿಗೂ ಹಾಗೇ ಹೇಳಿದ್ದ. ಎತ್ತಿಕೊಂಡು ಹೋಗಲು ಬಂದ ಆಂಬುಲೆನ್ಸಿನವರಿಗೆ, ಎಲುಬಿನ ಡಾಕ್ಟರಿಗೆ, ಅಣ್ಣನಿಗೆ, ಅತ್ತಿಗೆಗೆ. ಬಚ್ಚಲಿನಿಂದ ಅಡುಗೆಮನೆಗೆ ಬರುವ ಪಡಸಾಲೆಯಲ್ಲಿ ನೆಲ ಒದ್ದೆಯಾಗಿತ್ತು, ಕಾಲು ಜಾರಿತು, ಸೊಂಟದ ಕೀಲು ಮುರಿಯಿತು, ಇದರಲ್ಲಿ ಕೇಳುವುದೇನಿದೆ. ಬಿದ್ದ ರಭಸಕ್ಕೆ ಹಿಡಿಕೆ ಕಿತ್ತಿರಬೇಕೆಂದುಕೊಂಡು ಅತ್ತಿಗೆ ವಾಕರನ್ನೂ ಹಿಡಿಕೆಯನ್ನೂ ಬಾಲ್ಕನಿಯಲ್ಲಿ, ಒಣಹಾಕಿದ ಬಟ್ಟೆಗಳ ಹಿಂದೆ ಇಟ್ಟಿದ್ದಳು. ಆಮೇಲೆ ಅದನ್ನು ರಿಪೇರಿಗೆಂದು ತೆಗೆದುಕೊಳ್ಳಲು ಹೋದ ಮಗಳು ಹಿಡಿಕೆಯ ಒಳಗನ್ನು ನೋಡಿ, ಅಲ್ಲೇ, ಒದ್ದೆ ಬಟ್ಟೆಗಳ ನಡುವೆ ಕೂತುಬಿಟ್ಟಿದ್ದಳು.

ಅಂಟಣ್ಣ ಹಿಡಿಕೆಯನ್ನು ಮೇಜಿನ ಮೇಲೆ ಇಟ್ಟ. ಉರುಳದ ಹಾಗೆ ಅದರ ಪಕ್ಕಕ್ಕೆ ಒಂದು ಬಟ್ಟೆ ಒತ್ತಿದ. ಆಮೇಲೆ ಕನ್ನಡಕವನ್ನು ಒರೆಸತೊಡಗಿದ. ಒರೆಸಿದ್ದೇ ಒರೆಸಿದ್ದು.

*

ಅವರ ಕಾರ್ಯಾಗಾರದಲ್ಲಿ ಯಾವ ವಸ್ತುವನ್ನೂ ಹುಟ್ಟಿನಿಂದ ಶುರುಮಾಡುತ್ತಿರಲಿಲ್ಲ. ಹಳೆಯ ಗೋದಾಮೊಂದನ್ನು ಸುಣ್ಣ ಹೊಡೆದು ಮಾಡಿಕೊಂಡ ಜಾಗ. ಅದರ ಉದ್ದನೆಯ ಗೋಡೆಯ ಮೇಲೆ ಸಾಲಾಗಿ ಚೌಕಗಳು. ಎಡದ ಕೊನೆಯಲ್ಲಿ ವಸ್ತು ಎಲ್ಲಿಂದ ಬಂತು, ಯಾವ ಗಣಿ, ಯಾವ ಮರ. ಆಮೇಲೆ ತಯಾರಿ, ಸಾಗಾಟ, ಬಳಕೆ, ದುರಸ್ತಿ. ಬಲದ ಕೊನೆಯಲ್ಲಿ ಸಾವು. ಮೇಡಂ, ಅಂದರೆ ಈ ಜಾಗವನ್ನು ಕಟ್ಟಿದವರು, ಮಾಡಿದ ನಿಯಮ ಒಂದೇ: ಬಲದ ಕೊನೆಯ ಚೌಕ ತುಂಬುವ ತನಕ ಉಳಿದ ಚೌಕಗಳಲ್ಲಿ ಯಾರೂ ಒಂದು ಗೆರೆ ಎಳೆಯಬಾರದು. ಒಂದು ಕುರ್ಚಿ ಹೇಗೆ ಸಾಯುತ್ತದೆಂದು ಮೊದಲು ಹೇಳು, ಆಮೇಲೆ ಅದಕ್ಕೆ ಎಷ್ಟು ಕಾಲು ಬೇಕೆಂದು ಹೇಳು. "ಮೊದಲು ಹೆಣ, ಆಮೇಲೆ ಹೆರಿಗೆ," ಎಂದು ಅಂಟಣ್ಣ ಹೊಸಬರನ್ನು ಹೆದರಿಸುತ್ತಿದ್ದ.

ವಾಕರಿನ ಸಾವನ್ನು ಯೋಚಿಸಿದ್ದು ಅವಳು. ಅಂಗಡಿಯಲ್ಲಿ ಸಿಗುವ ವಾಕರುಗಳಲ್ಲಿ ಲೋಹದ ಕೊಳವೆಗೆ ಹಿಡಿಕೆಯನ್ನು ಎರಕ ಹೊಯ್ದು ಕೂರಿಸಿ ಮೇಲೊಂದು ರಿವೆಟ್ ಬಡಿದಿರುತ್ತಾರೆ. ಬಳಸಿದವರು ಹೋದ ಮೇಲೆ ಅದನ್ನು ಬಿಡಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ. ಲೋಹ ಲೋಹಕ್ಕೆ ಸೇರುವುದಿಲ್ಲ, ರಬ್ಬರು ರಬ್ಬರಿಗೆ ಸೇರುವುದಿಲ್ಲ. ಎರಡೂ ಒಂದನ್ನೊಂದು ಅಪ್ಪಿಕೊಂಡು ಕಸದ ಗುಡ್ಡಕ್ಕೆ ಹೋಗುತ್ತವೆ. ಅವಳು ಮಾಡಿದ ವಾಕರಿನಲ್ಲಿ ಒಂದು ಸ್ಕ್ರೂ ಇರಲಿಲ್ಲ, ಒಂದು ಮೊಳೆ ಇರಲಿಲ್ಲ. ಕರಗಿಸಿ ಮತ್ತೆ ಎಳೆದ ಅಲ್ಯುಮಿನಿಯಂ ಕೊಳವೆ, ಅದರ ಮೇಲೆ ರಬ್ಬರಿನ ಹಿಡಿಕೆ, ನಡುವೆ ಅಂಟಣ್ಣನ ಅಂಟು. ಕಾಲ ಮುಗಿದ ವಾಕರು ವಾಪಸು ಬರುತ್ತದೆ, ಕುದಿನೀರಿನ ತೊಟ್ಟಿಗೆ ಇಳಿಯುತ್ತದೆ, ಅಂಟು ತಾನಾಗಿ ಕೈಬಿಡುತ್ತದೆ. ಸುತ್ತಿಗೆಯ ಪೆಟ್ಟಿಲ್ಲ, ಬೆಂಕಿಯಿಲ್ಲ, ಹೊಗೆಯಿಲ್ಲ. ಕೊಳವೆ ಮತ್ತೆ ಕೊಳವೆಯಾಗುತ್ತದೆ, ಹಿಡಿಕೆ ಮತ್ತೆ ಹಿಡಿಕೆ. ಮೊದಲ ಸಲ ತೊಟ್ಟಿಯಿಂದ ಎರಡು ಭಾಗಗಳು ಬೇರೆಬೇರೆಯಾಗಿ ಮೇಲೆ ಬಂದಾಗ ಮೇಡಂ ಬಾಯಲ್ಲಿ ಕಚ್ಚಿಕೊಂಡಿದ್ದ ಪೆನ್ಸಿಲನ್ನು ತೆಗೆದು, "ಇಷ್ಟು ಚೆನ್ನಾಗಿ ಸಾಯೋದು ಮನುಷ್ಯರಿಗೂ ಬರಲ್ಲ," ಎಂದಿದ್ದರು.

ಬಳಕೆಯ ಚೌಕವನ್ನೂ ಅವರು ಉದಾಸೀನ ಮಾಡಿರಲಿಲ್ಲ. ಬಿಸಿಲು, ಚಳಿ, ಅಂಗೈಯ ಬೆವರಿನ ಉಪ್ಪು, ಮೆಟ್ಟಿಲ ಮೇಲಿಂದ ಉರುಳುವುದು, ಮೊಮ್ಮಕ್ಕಳು ಜೋತಾಡುವುದು, ಬಾಗಿಲು ಮುಚ್ಚಿದ ಕಾರಿನೊಳಗಿನ ಶಾಖ. ಎಲ್ಲವನ್ನೂ ಬರೆದು, ಎಲ್ಲವನ್ನೂ ಪರೀಕ್ಷಿಸಿದ್ದರು. ಕುದಿನೀರು ಮಾತ್ರ ಆ ಚೌಕದಲ್ಲಿ ಇರಲಿಲ್ಲ. ಅದು ಬಲದ ಕೊನೆಗೆ ಸೇರಿದ್ದು. ಎಲ್ಲಕ್ಕಿಂತ ಮೊದಲು ಅಲ್ಲಿ ಬರೆದದ್ದರಿಂದಲೇ ಅದು ಅಲ್ಲಿಯೇ ಉಳಿಯಿತು. ಸಾವಿಗೆಂದು ಎತ್ತಿಟ್ಟ ನೀರು ಬದುಕಿನೊಳಗೆ ದಿನಾ ಬೆಳಿಗ್ಗೆ ಒಂದಿಷ್ಟು ಬರಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಬೇರೆಯವರಿಗೆ ಹೊಳೆಯದಿದ್ದುದು ಸರಿ. ಅವಳಿಗೆ ಹೊಳೆಯಬೇಕಿತ್ತು. ಅವಳ ಅಪ್ಪ ದುಡಿಯುವ ವಯಸ್ಸನ್ನೆಲ್ಲ ಆಸ್ಪತ್ರೆಯ ಆವಿಕೋಣೆಯಲ್ಲಿ ಕಳೆದವನು. ಆಪರೇಷನ್ನಿನ ಕತ್ತರಿ, ಚಿಮುಟ, ತಟ್ಟೆಗಳನ್ನು ಆವಿಯಲ್ಲಿಟ್ಟು ಕ್ರಿಮಿ ಕೊಲ್ಲುವುದು ಅವನ ಕೆಲಸ. ಆ ಕೆಲಸ ಅವನ ಜೊತೆ ಮನೆಗೂ ಬರುತ್ತಿತ್ತು. ಚಮಚ, ಬಾಚಣಿಗೆ, ಬಾಗಿಲಿನ ಚಿಲಕ, ಕೊನೆಗೆ ಅವಳ ಬೊಂಬೆ. ಪ್ಲಾಸ್ಟಿಕ್ ಬೊಂಬೆ ಕುದಿನೀರಲ್ಲಿ ದೋಸೆಯ ಹಾಗೆ ಚಪ್ಪಟೆಯಾದಾಗ ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅಪ್ಪ ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, ತುಂಬ ಗಂಭೀರವಾಗಿ, "ಕ್ರಿಮಿಯಂತೂ ಸತ್ತಿತು ಕಣೇ," ಎಂದಿದ್ದ. ಅಂಥ ಮನುಷ್ಯನ ಮಗಳು ಬಿಸಿನೀರಿಗೆ ಬಿಡುವ ಹಿಡಿಕೆ ಮಾಡಿ, ತಯಾರಾದ ಮೊದಲ ವಾಕರನ್ನು ಖುಷಿಯಿಂದ ಅವನ ಕೈಗೇ ಕೊಟ್ಟಿದ್ದಳು. ಅವನು ಅದನ್ನು ಹಿಡಿದು ಪಡಸಾಲೆಯುದ್ದ ನಡೆದು, ತಿರುಗಿ, "ಕಾರು ಕೊಡಿಸ್ತೀನಿ ಅಂದಿದ್ದೆ. ಇದು ಪರವಾಗಿಲ್ಲ, ಪೆಟ್ರೋಲ್ ಬೇಡ," ಎಂದಿದ್ದ.

*

ಮೇಡಂ ಹಿಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಕೋಣೆಯ ಗಾಜಿನಾಚೆ ಕೆಲಸದವರು ಊಟ ಮುಗಿಸಿ ಕೈತೊಳೆಯುತ್ತಿದ್ದರು. ಅಂಟಣ್ಣ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತಿದ್ದ.

"ಇದುವರೆಗೆ ಕೊಟ್ಟ ವಾಕರುಗಳನ್ನೆಲ್ಲ ವಾಪಸ್ ತರಿಸೋಣ," ಎಂದಳು ಅವಳು.

"ತರಿಸಿ?" ಎಂದ ಅಂಟಣ್ಣ. "ಹೊಸ ಹಿಡಿಕೆ, ಹೊಸ ಜೋಡಣೆ, ಹೋಗಿ ಬರೋ ಲಾರಿ, ಅದರ ಹೊಗೆ. ಅಷ್ಟೂ ಸೇರಿಸಿದರೆ ನಮ್ಮ ವಾಕರು ಅಂಗಡಿ ವಾಕರಿಗಿಂತ ಹೊಲಸಾಗುತ್ತೆ. ನಾವು ಮಾಡದೇ ಇದ್ದಿದ್ರೇ ಭೂಮಿಗೆ ಒಳ್ಳೇದಾಗ್ತಿತ್ತು, ಅಷ್ಟೇ ಲೆಕ್ಕ."

"ಬಿದ್ದವರ ಲೆಕ್ಕ?"

"ನಾನು ಬೇಡ ಅಂದ್ನಾ? ಹೇಳ್ದೆ ಅಷ್ಟೇ." ಅವನ ದನಿ ಸಣ್ಣದಾಯಿತು. "ಅದು ನನ್ನ ಅಂಟು ಕಣೇ. ನನಗೂ ನಿದ್ದೆ ಬರಲ್ಲ ಇವತ್ತಿಂದ."

ಮೇಡಂ ಹಿಡಿಕೆಯನ್ನು ಕೆಳಗಿಟ್ಟರು. ತರಿಸಿದರೆ ಈ ಜಾಗ ಉಳಿಯುವುದಿಲ್ಲ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ವಾಕರೊಂದೇ ಅಲ್ಲ. ಮಕ್ಕಳ ಮೇಜು, ಆಸ್ಪತ್ರೆಯ ಮಂಚ, ದೀಪದ ಕಂಬ, ಎಲ್ಲವೂ ಇದೇ ಅಂಟನ್ನು ನಂಬಿಕೊಂಡು ಗೋಡೆಯ ಮೇಲೆ ಕಾಯುತ್ತಿದ್ದವು. ಬಿಡುವ ಅಂಟು ಎಂದರೆ ಬೀಳಿಸುವ ಅಂಟು ಎಂದು ಒಂದು ಸಲ ಜನರ ಬಾಯಿಗೆ ಬಂದರೆ ಮುಗಿಯಿತು. ಅವಳು ಓದು ಮುಗಿಸಿದಂದಿನಿಂದ ಮಾಡಿದ ಕೆಲಸವೆಲ್ಲ ಆ ಗೋಡೆಯ ಮೇಲಿತ್ತು.

"ವಾಕರಿನ ಜೊತೆ ಕೊಡೋ ಸೂಚನೆಯಲ್ಲಿ ಏನಿದೆ?" ಎಂದರು ಮೇಡಂ.

"ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತ ಇದೆ. ಬಿಸಿನೀರು ಹಾಕಬೇಡಿ ಅಂತ ಇಲ್ಲ."

"ಬಾಯಲ್ಲಿ? ನಿಮ್ಮ ತಂದೆಗೆ ನೀನೇ ಕೊಟ್ಟೆಯಲ್ಲ. ಬಿಸಿನೀರು ಹಾಕಬಾರದು ಅಂತ ಹೇಳಿದ್ದೆಯಾ?"

ಅವಳು ಬಾಯಿ ತೆರೆದಳು. ಮೇಡಂ ಕೈಯೆತ್ತಿ ತಡೆದರು.

"ಈಗಲೇ ಹೇಳಬೇಡ. ನೆನಪು ಮಾಡಿಕೊಂಡು ಹೇಳು. ಅವರಿಗೆ ಗೊತ್ತಿದ್ದೂ ಹಾಕಿದ್ದರೆ ಅದು ಒಬ್ಬರ ಅಭ್ಯಾಸ. ಉಳಿದ ಮನೆಗಳಿಗೆಲ್ಲ ಒಂದು ಎಚ್ಚರಿಕೆ ಚೀಟಿ ಕಳಿಸೋಣ, ಹಿಡಿಕೆ ಮೇಲೆ ಅಂಟಿಸಿಕೊಳ್ಳಿ ಅಂತ. ಗೊತ್ತಿಲ್ಲದೇ ಹಾಕಿದ್ದರೆ, ಬೇರೆ ಯಾರಿಗೂ ಗೊತ್ತಿಲ್ಲ ಅಂತಲೇ ಅರ್ಥ. ಆಗ ಒಂದು ದಿನವೂ ಕಾಯೋ ಹಾಗಿಲ್ಲ, ಎಲ್ಲವನ್ನೂ ಕಿತ್ತು ತರಿಸಬೇಕು." ಅವರು ಪೆನ್ಸಿಲನ್ನು ಹುಡುಕಿದರು, ಅದು ಅವರ ಕೈಯಲ್ಲೇ ಇತ್ತು. "ನಾಳೆ ನಾನೇ ಬರ್ತೀನಿ ಅವರನ್ನು ನೋಡೋಕೆ. ಮೊದಲೇ ಬರಬೇಕಿತ್ತು."

ಹೊರಗೆ ಬಂದಾಗ ಅಂಟಣ್ಣ ಅವಳ ಪಕ್ಕದಲ್ಲಿ ಸ್ವಲ್ಪ ದೂರ ನಡೆದ.

"ಚೀಟಿ ಅಂಟಿಸ್ತಾರಂತೆ," ಎಂದ. "ಯಾವ ಅಂಟಲ್ಲಿ?"

ಇಬ್ಬರೂ ನಗಲಿಲ್ಲ.

*

"ಬಾರೇ ಮೊಳೆ," ಎಂದ ಅಪ್ಪ ಮಂಚದಿಂದಲೇ. ಚಿಕ್ಕವಳಿದ್ದಾಗ ಅವಳು ಮನೆಯ ಮೇಜು ಕುರ್ಚಿಗಳ ಮೊಳೆಗಳನ್ನೆಲ್ಲ ಕಿತ್ತು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದಳೆಂದು ಬಂದ ಹೆಸರು. "ನಿಮ್ಮತ್ತಿಗೆ ನನ್ನನ್ನ ಕೂರಿಸಿದ್ದಾಳೆ ನೋಡು, ಮದುಮಗನ ಹಾಗೆ. ಹಿಂದೆ ದಿಂಬು, ಪಕ್ಕಕ್ಕೆ ದಿಂಬು."

"ಮದುಮಗ ಇಷ್ಟು ಗೊಣಗಲ್ಲ ಮಾವ," ಎಂದಳು ಅತ್ತಿಗೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. "ನೀನಾದರೂ ಹೇಳು ಮೊಳೆ. ವ್ಯಾಯಾಮ ಮಾಡಿಸೋಕೆ ಬಂದ ಹುಡುಗೀನ ಕೈ ಸರಿಯಾಗಿ ತೊಳೆದುಕೊಂಡಿಲ್ಲ ಅಂತ ವಾಪಸ್ ಕಳಿಸಿದಾರೆ, ಬಚ್ಚಲಿಗೆ. ಎರಡು ಸಲ."

"ಉಗುರಿನ ಸಂದಿ ಬಿಟ್ಟಿದ್ಲು."

"ಅಪ್ಪ ಎದ್ದು ನಿಂತನಾ?" ಎಂದು ಅವಳು ಅತ್ತಿಗೆಯನ್ನು ಕೇಳಿದಳು.

ಅತ್ತಿಗೆ ಮಡಿಸಿದ ಬಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಕೀಲು ಕೂಡಿದರೂ ಮೊದಲಿನ ಹಾಗೆ ನಡೆಯುವುದು ಕಷ್ಟ ಎಂದು ಡಾಕ್ಟರು ಆಗಲೇ ಹೇಳಿದ್ದರು. ಅಪ್ಪನಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಅವನೂ ಯಾರನ್ನೂ ಕೇಳಿರಲಿಲ್ಲ.

ಅವಳು ಮಂಚದ ಅಂಚಿಗೆ ಕೂತಳು. ಅಪ್ಪನ ಕೈಗಳು ಹೊದಿಕೆಯ ಮೇಲಿದ್ದವು, ಅರ್ಧ ಮುಚ್ಚಿದ ಮುಷ್ಟಿ ಎರಡೂ ಸಮ ಎತ್ತರದಲ್ಲಿ. ಸ್ವಲ್ಪ ಹೊತ್ತು ನೋಡಿದ ಮೇಲೆ ಅವು ಯಾವುದನ್ನು ಹಿಡಿದುಕೊಂಡಿವೆ ಎಂದು ಅವಳಿಗೆ ಅರ್ಥವಾಯಿತು.

"ಅಪ್ಪ, ವಾಕರಿನ ಹಿಡಿಕೆ ತೊಳೀತಿದ್ಯಾ?"

"ತೊಳೀದೇ?" ಅಪ್ಪನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. "ಬೆಳಿಗ್ಗೆ ಎದ್ದ ಕೂಡಲೇ ಮೊದಲ ಕೆಲಸ ಅದೇ. ಟೀಗೆ ಕಾಯಿಸಿದ್ದರಲ್ಲಿ ಮಿಕ್ಕ ನೀರು. ಮನುಷ್ಯ ಎಲ್ಲಕ್ಕಿಂತ ಹೆಚ್ಚು ಮುಟ್ಟೋದು ಅದನ್ನೇ ತಾನೇ? ಬಚ್ಚಲಿಗೂ ಅದೇ, ಊಟದ ಮೇಜಿಗೂ ಅದೇ. ಬಲಗಡೆಗೆ ಜಾಸ್ತಿ ಹಾಕ್ತಿದ್ದೆ. ನಾನು ಬಲಗೈಯವನು ತಾನೇ, ಅದಕ್ಕೆ."

"ಕುದಿಯೋ ನೀರು."

"ಉಗುರುಬೆಚ್ಚಗಿನ ನೀರಲ್ಲಿ ಕ್ರಿಮಿ ಈಜು ಕಲಿಯುತ್ತೆ ಅಷ್ಟೇ."

ಅಪ್ಪ ನಕ್ಕ. ಆಮೇಲೆ ಅವಳ ಮುಖ ನೋಡಿದ. ನಗು ತಕ್ಷಣ ಹೋಗಲಿಲ್ಲ, ಬಾಯಿಯ ಮೇಲೆ ಹಾಗೇ ಉಳಿದಿತ್ತು, ಕಣ್ಣು ಮಾತ್ರ ಅಲ್ಲಿಂದ ಎದ್ದು ಹೋಯಿತು. ಮಗಳ ಕೆಲಸ ಏನೆಂದು ಅವನಿಗೆ ಗೊತ್ತಿತ್ತು. ತೊಟ್ಟಿಯ ಕಥೆಯನ್ನು ಅವಳೇ ಹೇಳಿದ್ದಳು, ಬಿಸಿನೀರಿಗೆ ಎರಡು ಭಾಗ ಬೇರೆಯಾಗುತ್ತದೆಂದು; ಆವಿಕೋಣೆಯ ಹಳೆಯ ಗೆಳೆಯರಿಗೆಲ್ಲ ಅವನು ಅದನ್ನು ಬಾಯಿಪಾಠ ಒಪ್ಪಿಸಿದ್ದ. ಕಥೆಯ ಆ ತುದಿಯನ್ನೂ ತನ್ನ ಕೆಟಲನ್ನೂ ಅವನು ಇವತ್ತಿನವರೆಗೆ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

"ಹಿಡಿಕೆ ಮೊದಲು ತಿರುಗಿತಾ, ನೀನು ಮೊದಲು ಬಿದ್ಯಾ?" ಎಂದಳು.

"ಕಾಲು ಜಾರಿತು."

"ಅಪ್ಪ."

"ನೆಲ ಒದ್ದೆ ಇತ್ತು. ನಿಮ್ಮತ್ತಿಗೇನ ಕೇಳು, ಒರೆಸಿದ್ದು ಅವಳೇ."

"ನೆಲ ಒದ್ದೆ ಆಗಿದ್ದು ನೀನು ಕೆಟಲ್‌ನಿಂದ ಸುರಿದಿದ್ದಕ್ಕೆ. ಕೈಯಲ್ಲಿ ಹಿಡಿಕೆ ತಿರುಗಿತೋ ಇಲ್ಲವೋ ಹೇಳು."

ಪಕ್ಕದ ಮನೆಯಲ್ಲಿ ಯಾರೋ ಕುಕ್ಕರಿನ ಮುಚ್ಚಳ ತೆಗೆಯಲಾಗದೆ ಬೈದುಕೊಳ್ಳುತ್ತಿದ್ದರು.

"ಎಲ್ಲಾ ವಾಪಸ್ ತರಿಸ್ತಾರಾ?" ಎಂದು ಕೇಳಿದ ಅಪ್ಪ ಕೊನೆಗೆ.

"ತರಿಸಬೇಕು."

"ಆಮೇಲೆ?"

"ಆಮೇಲೆ ಏನಿಲ್ಲ. ಕಾರ್ಯಾಗಾರ ಮುಚ್ಚುತ್ತೆ. ಅಂಟು ಹೋಗುತ್ತೆ. ಬೇರೆ ಕೆಲಸ ನೋಡ್ಕೋತೀನಿ." ತನ್ನ ದನಿ ಯಾರದೋ ವಿಷಯ ಹೇಳುತ್ತಿರುವಂತೆ ಕೇಳಿಸಿತು ಅವಳಿಗೆ. "ನಾಳೆ ಮೇಡಂ ಬರ್ತಾರೆ. ನಿನಗೆ ನಾನು ಹೇಳಿದ್ದೆನಾ ಇಲ್ಲವಾ ಅಂತ ಅವರಿಗೆ ಗೊತ್ತಾಗಬೇಕು. ಹೇಳಿದ್ದರೆ ಒಂದು ಚೀಟಿ ಅಂಟಿಸಿ ಮುಗಿಸ್ತಾರೆ. ಹೇಳಿಲ್ಲದಿದ್ದರೆ ಎಲ್ಲಾ ಕೀಳ್ತಾರೆ."

"ಏನು ಹೇಳೋದು?"

"ಬಿಸಿನೀರು ಹಾಕಬೇಡ ಅಂತ."

"ಓ," ಎಂದ ಅಪ್ಪ.

ಅವನ ಮುಷ್ಟಿಗಳು ಬಿಚ್ಚಿಕೊಂಡವು. ಅಂಗೈಗಳನ್ನು ಹೊದಿಕೆಯ ಮೇಲೆ ಚಪ್ಪಟೆಯಾಗಿ ಇಟ್ಟು, ಇಲ್ಲದ ಸುಕ್ಕೊಂದನ್ನು ನೇರ ಮಾಡಿದ. ಅವಳಿಗೆ ಅವನ ಕಾಲಿಗೆ ತಲೆಯಿಟ್ಟು ಅಳಬೇಕೆನಿಸಿತು. ಆದರೆ ಆ ಕಾಲು ನೋಯುತ್ತಿತ್ತು. ಎದ್ದು ಅಡುಗೆಮನೆಗೆ ಹೋದಳು. ಒಲೆಯ ಪಕ್ಕ ಕೆಟಲ್ ಇತ್ತು. ಅದರ ಹೊಟ್ಟೆ ಮುಟ್ಟಿದಳು, ತಣ್ಣಗಿತ್ತು. ಅತ್ತಿಗೆ ಹಿಂದಿನಿಂದ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟು, "ಟೀ ಬೇಕಾ?" ಎಂದಾಗ ಅವಳು ಬೇಡವೆಂದು ತಲೆಯಾಡಿಸಿ, ಕೆಟಲನ್ನು ತಬ್ಬಿಕೊಂಡು, ಸದ್ದು ಹೊರಬಾರದ ಹಾಗೆ ಬಾಯಿ ಮುಚ್ಚಿ ಅತ್ತಳು.

"ಅವರು ಯಾವತ್ತೂ ಹಾಗೇ," ಎಂದಳು ಅತ್ತಿಗೆ, ಯಾಕೆ ಅಳುತ್ತಿದ್ದಾಳೆಂದು ತಿಳಿಯದೆ. "ನೋವಿದ್ದರೂ ಹೇಳಲ್ಲ."

*

ಮರುದಿನ ಮೇಡಂ ಬರುವಷ್ಟರಲ್ಲಿ ಅಪ್ಪ ಗಡ್ಡ ಹೆರೆಸಿಕೊಂಡು, ಅಂಗಿಯ ಕುತ್ತಿಗೆ ಗುಂಡಿಯನ್ನೂ ಹಾಕಿಸಿಕೊಂಡು ಕೂತಿದ್ದ. ಅವಳು ಬೆಳಗಿನಿಂದ ಅವನ ಜೊತೆ ಮಾತಾಡಲು ನೋಡಿದ್ದಳು. ಒಂದು ಸಲ ನಿದ್ದೆ ಬರುತ್ತಿದೆ ಎಂದ, ಇನ್ನೊಂದು ಸಲ ಗಡ್ಡ ಹೆರೆಯುವಾಗ ಮಾತಾಡಿದರೆ ಕೊಯ್ಯುತ್ತದೆ ಎಂದ.

ಮೇಡಂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಏನು ಮಾಡಬೇಕೆಂದು ತಿಳಿಯದೆ ನಿಂತರು. ಕಾರ್ಯಾಗಾರದಲ್ಲಿ ಅಷ್ಟು ದೊಡ್ಡವರಾಗಿ ಕಾಣುತ್ತಿದ್ದವರು ಈ ಪುಟ್ಟ ಕೋಣೆಯಲ್ಲಿ, ಔಷಧಿ ಬಾಟಲಿಗಳ ಮುಂದೆ, ಪರೀಕ್ಷೆಗೆ ಬಂದ ಹುಡುಗಿಯಂತಿದ್ದರು.

"ಕೂತ್ಕೊಳ್ಳಿ ಮೇಡಂ," ಎಂದ ಅಪ್ಪ. "ಆ ಕುರ್ಚಿ ಗಟ್ಟಿ ಇದೆ. ನಿಮ್ಮಲ್ಲಿ ಮಾಡಿದ್ದಲ್ಲ."

ಮೇಡಂ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ನಕ್ಕರು. ಅಪ್ಪನೂ ನಕ್ಕ. ಕೋಣೆ ಸ್ವಲ್ಪ ಸಡಿಲವಾಯಿತು. ನೋವು ಹೇಗಿದೆ, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದು ಮೇಡಂ ಕೇಳಿದರು. ಊಟ ಸೇರುತ್ತದೆ, ಮಾಡುವವಳಿಗೆ ತಾಳ್ಮೆ ಸೇರುವುದಿಲ್ಲ ಎಂದ ಅಪ್ಪ. ಬಾಗಿಲಲ್ಲಿ ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಅತ್ತಿಗೆ, "ಕೇಳಿಸ್ಕೊಂಡೆ ಮಾವ," ಎಂದಳು.

ಮಗಳು ಕಿಟಕಿಯ ಪಕ್ಕ ನಿಂತಿದ್ದಳು. ಮೇಡಂ ತಲೆಯೆತ್ತಿ ಒಮ್ಮೆ ಅವಳನ್ನು ನೋಡಿ, ಮತ್ತೆ ಅಪ್ಪನ ಕಡೆ ತಿರುಗಿದರು.

"ಒಂದು ವಿಷಯ ಕೇಳಬೇಕಿತ್ತು. ಬಿದ್ದ ದಿನ—"

"ಬಿಸಿನೀರಿಂದು ತಾನೇ?" ಎಂದ ಅಪ್ಪ. "ಇವಳು ಮೊದಲನೇ ದಿನವೇ ಹೇಳಿದ್ಲು ಮೇಡಂ. ವಾಕರನ್ನ ಇಲ್ಲಿಟ್ಟು, ಹಿಡಿಕೆ ಮೇಲೆ ಬೆರಳಿಟ್ಟು ತೋರಿಸಿ ಹೇಳಿದ್ಲು. ಅಪ್ಪ, ಏನಾದರೂ ಮಾಡು, ಇದಕ್ಕೆ ಬಿಸಿನೀರು ಮಾತ್ರ ತಾಗಿಸಬೇಡ ಅಂತ. ನಾನೇ ಮರೆತೆ."

ಅತ್ತಿಗೆಯ ಕೈಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದಾಯಿತು.

ಆ ಮನೆಯಲ್ಲಿ ಮರೆತೆ ಎಂಬ ಮಾತನ್ನು ಅಪ್ಪನ ಬಾಯಿಂದ ಯಾರೂ ಕೇಳಿರಲಿಲ್ಲ. ಕಳೆದ ವಾರವಷ್ಟೇ ಅಣ್ಣ, ಮಾತ್ರೆ ತಗೊಳ್ಳೋದು ಮರೆತಿದ್ದೀರಾ ಅಂತ ಕೇಳಿದ್ದಕ್ಕೆ, ಅಪ್ಪ ಅವನನ್ನು ಕೋಣೆಯಿಂದ ಆಚೆ ಕಳಿಸಿ ಸಂಜೆಯವರೆಗೆ ಮಾತು ಬಿಟ್ಟಿದ್ದ. ಆವಿಕೋಣೆಯಲ್ಲಿ ಒಂದು ಚಿಮುಟ ಮರೆತರೆ ಒಬ್ಬ ಮನುಷ್ಯ ಸಾಯುತ್ತಾನೆ, ನಾನು ಒಂದನ್ನೂ ಮರೆತವನಲ್ಲ ಎಂದು ಗೋಡೆಗೆ ಕೇಳಿಸುವ ಹಾಗೆ ಹೇಳಿಕೊಂಡಿದ್ದ. ಉಳಿದದ್ದೆಲ್ಲ ಹೋದಮೇಲೆ, ಹೆಂಡತಿ, ಕೆಲಸ, ಈಗ ಕಾಲು, ಅವನು ಅವನಾಗಿ ಉಳಿದಿದ್ದು ಅದೊಂದರಲ್ಲಿ.

"ವಯಸ್ಸಾಯ್ತಲ್ಲ," ಎಂದ ಅಪ್ಪ ಮೇಡಂಗೆ. ಒಂದು ಕೈ ಎತ್ತಿ ತಲೆಯ ಪಕ್ಕ ಗಾಳಿಯಲ್ಲಿ ಆಡಿಸಿದ. ಆ ಕೈ ಸ್ವಲ್ಪ ನಡುಗುತ್ತಿತ್ತು. ನಿನ್ನೆ ನಡುಗುತ್ತಿರಲಿಲ್ಲ. ಅವನ ಮುಖದ ಮೇಲೆ, ಎಲ್ಲರೂ ಕರುಣೆಯಿಂದ ತಲೆ ಸವರಿ ಬಿಡುವಂಥ ಮುದುಕರ ಮುಖದಲ್ಲಿರುವ, ಒಂದು ಪೆಚ್ಚು ನಗು ಬಂತು. ಅಪ್ಪನಿಗೆ ನಟಿಸಲು ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬೆಳಗಿನಿಂದ ಕಣ್ಣು ಮುಚ್ಚಿಕೊಂಡು ಅವನು ಇದನ್ನೇ ಅಭ್ಯಾಸ ಮಾಡುತ್ತಿದ್ದಿರಬೇಕು. "ಎಷ್ಟೋ ವಿಷಯ ಹೀಗೇ ಆಗುತ್ತೆ ಮೇಡಂ. ಇವರು ಹೇಳ್ತಾರೆ, ನನ್ನ ತಲೆಯಲ್ಲಿ ನಿಲ್ಲಲ್ಲ. ಸೊಸೇನ ಕೇಳಿ."

ಅತ್ತಿಗೆ ನೆಲ ನೋಡಿದಳು.

ಮೇಡಂ ಉಸಿರು ಬಿಟ್ಟರು. ನಿನ್ನೆಯಿಂದ ಹಿಡಿದಿಟ್ಟಿದ್ದ ಉಸಿರೇನೋ, ಹೆಗಲುಗಳು ಇಳಿದವು. "ಹಾಗಾದರೆ ಸರಿ," ಎಂದರು ಮೆಲ್ಲಗೆ. "ಎಲ್ಲರಿಗೂ ಎಚ್ಚರಿಕೆ ಚೀಟಿ ಕಳಿಸೋಣ. ಇನ್ನು ಮುಂದೆ ಮಾಡೋದಕ್ಕೆ ಜೋಡಣೆ ಬದಲಿಸೋಣ, ಆ ಕೆಲಸ ನೀನೇ ನೋಡ್ಕೋ. ಉಳಿದ ಕೆಲಸ ಇದ್ದ ಹಾಗೇ ನಡೀಲಿ." ಅವರು ಕುರ್ಚಿಯಲ್ಲೇ ಅರ್ಧ ತಿರುಗಿ ಅವಳನ್ನು ನೋಡಿದರು. "ಹೇಳಿದ್ದೆ ತಾನೇ ನೀನು?"

ಒಂದು ಹೂಂ ಸಾಕಿತ್ತು.

ಅಪ್ಪ ಅವಳನ್ನೇ ನೋಡುತ್ತಿದ್ದ. ಆ ಪೆಚ್ಚು ನಗು ಮೇಡಂ ಇದ್ದ ಕಡೆ ಇನ್ನೂ ಇತ್ತು. ಕಣ್ಣು ಮಾತ್ರ ಅವನದ್ದೇ, ಆವಿಕೋಣೆಯ ಗಡಿಯಾರವನ್ನು ಕಾಯುತ್ತಿದ್ದ ಕಣ್ಣು. ಅವನು ಅವಳಿಂದ ಇದುವರೆಗೆ ಏನನ್ನೂ ಕೇಳಿದವನಲ್ಲ. ಈಗ ಕೇಳುತ್ತಿದ್ದ, ಕೊಡುವುದನ್ನು ತಗೋ ಎಂದು. ಅವಳು ಹೂಂ ಎಂದರೆ ಗೋಡೆಯ ಮೇಲಿನ ಚೌಕಗಳು ಉಳಿಯುತ್ತಿದ್ದವು, ಅಂಟಣ್ಣನಿಗೆ ನಿದ್ದೆ ಬರುತ್ತಿತ್ತು, ಮಗಳ ಕೈಯ ಕೆಲಸದಿಂದ ಬಿದ್ದನೆಂಬ ಮಾತನ್ನು ಅಪ್ಪ ಯಾರ ಬಾಯಿಂದಲೂ ಕೇಳಬೇಕಾಗುತ್ತಿರಲಿಲ್ಲ. ಬದಲಿಗೆ ನಾಳೆಯಿಂದ ಈ ಮನೆಯಲ್ಲಿ ಕೆಟಲನ್ನು ಮೇಲಿನ ಕಪಾಟಿನಲ್ಲಿಡುತ್ತಿದ್ದರು, ಮಾತ್ರೆಯನ್ನು ಅಣ್ಣ ಎಣಿಸಿ ಬಾಯಿಗೆ ಹಾಕುತ್ತಿದ್ದ. ಮತ್ತೆ ಬೇರೆ ಎಲ್ಲೋ, ಚೀಟಿಯ ಅಕ್ಷರ ಕಾಣದ ಯಾರೋ, ಬೆಳಗಿನ ಟೀಗೆ ಕಾಯಿಸಿ ಮಿಕ್ಕ ನೀರನ್ನು ಹಿಡಿಕೆಯ ಮೇಲೆ ಸುರಿದು, ಒರೆಸಿ, ಅದನ್ನು ನಂಬಿ ಭಾರ ಬಿಡುತ್ತಿದ್ದರು.

"ಇಲ್ಲ," ಎಂದಳು. "ನಾನು ಹೇಳಿರಲಿಲ್ಲ."

"ನೋಡಿದ್ರಾ ಮೇಡಂ, ಇವಳಿಗೂ ನನ್ನ ಹಾಗೇ ಮರೆವು," ಎಂದು ಅಪ್ಪ ಬೇಗ ಬೇಗ ಶುರುಮಾಡಿದ. "ಹೇಳಿದ್ದೀಯ ಕಣೇ, ನೆನಪು ಮಾಡ್ಕೋ, ಇಲ್ಲೇ ನಿಂತು—"

"ಬೇಡ ಅಪ್ಪ. ನೀನು ಒಂದನ್ನೂ ಮರೆತವನಲ್ಲ."